ಅಮೆರಿಕದ ಸ್ವಾತಂತ್ರ್ಯ ಸಮರ, ಮೈಸೂರು ಮತ್ತು ದಿಂಡಿಗಲ್

ಅಮೆರಿಕದ ಹದಿಮೂರು ವಸಾಹತುಗಳು 1775ರಲ್ಲಿ ಬ್ರಿಟನ್ನಿನ ವಿರುದ್ಧ ಹೂಡಿದ ಸಮರಕ್ಕೆ 1778ರಲ್ಲಿ ಫ್ರಾನ್ಸ್ ಕೈಜೋಡಿಸಿತು. ಅಲ್ಲಿಂದ ಮುಂದೆ ಅದು ಒಂದು ಖಂಡದ ಜಗಳವಾಗಿ ಉಳಿಯಲಿಲ್ಲ. ಎರಡನೆಯ ಮೈಸೂರು ಯುದ್ಧ (1780–84) ತನ್ನದೇ ಕಾರಣಗಳಿಂದ ಹುಟ್ಟಿದರೂ ಈ ದೊಡ್ಡ ಸಮರದೊಡನೆ ಹೆಣೆದುಕೊಂಡಿತು. ಮೈಸೂರಿಗೂ ಅಮೆರಿಕನ್ನರಿಗೂ ನಡುವೆ ಒಪ್ಪಂದವೇನೂ ಇರಲಿಲ್ಲ. ಇಬ್ಬರಿಗೂ ಶತ್ರು ಒಬ್ಬನೇ, ಮಿತ್ರ ಫ್ರಾನ್ಸ್.

ಈ ಯುದ್ಧದಲ್ಲಿ ಮೈಸೂರು ತೋರಿದ ಸೇನಾಬಲಕ್ಕೆ ಅಡಿಪಾಯ ಬಿದ್ದದ್ದು ರಾಜ್ಯದ ದಕ್ಷಿಣದ ತುದಿಯಲ್ಲಿ, ದಿಂಡಿಗಲ್ಲಿನಲ್ಲಿ. ಬಯಲಿನ ನಡುವೆ ಒರಗುದಿಂಬಿನಂತೆ ಬಿದ್ದಿರುವ ಬೋಳು ಹೆಬ್ಬಂಡೆಯ ಮೇಲೆ ಮಧುರೆಯ ನಾಯಕರು ಕಟ್ಟಿದ ಕೋಟೆ ಅದು. ತಮಿಳಿನ ‘ತಿಂಡು’ (ದಿಂಬು), ‘ಕಲ್’ ಸೇರಿ ಊರಿಗೆ ಹೆಸರು ಬಂದಿತೆನ್ನುತ್ತಾರೆ. ಮಧುರೆಯಿಂದ ಕೊಯಮತ್ತೂರಿನ ಕಡೆಗೆ ಹೋಗುವ ದಾರಿಗೆ ಅದು ಕಾವಲು. ಪಡುವಣಕ್ಕೆ ಪೆರಿಯಕುಳಂ, ಬೋಡಿನಾಯಕನೂರು, ಅದರಾಚೆ ತಿರುವಾಂಕೂರಿನ ಬೆಟ್ಟಗಳವರೆಗೆ ಚಾಚಿದ ಕಂಬಂ ಕಣಿವೆ. ಆ ಕಣಿವೆಯಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ಕಪ್ಪಿಲಿಯರ್ ಸಮುದಾಯದ ಒಕ್ಕಲುಗಳು ಇಂದಿಗೂ ಇವೆ.

1755ರಲ್ಲಿ ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾಗಿ ಬಂದ. ಪಾಳೆಯಗಾರರನ್ನು ಹತೋಟಿಗೆ ತಂದು ಕಂದಾಯ ಕೂಡಿಸಿದ್ದಷ್ಟೇ ಆಗಿದ್ದರೆ ಅವನು ಇನ್ನೊಬ್ಬ ಫೌಜುದಾರನಾಗಿಯೇ ಉಳಿಯುತ್ತಿದ್ದ. ಫ್ರೆಂಚ್ ತಜ್ಞರನ್ನು ಕರೆಸಿ ಫಿರಂಗಿ, ಮದ್ದುಗುಂಡುಗಳ ಕಾರ್ಖಾನೆ ತೆರೆದದ್ದು, ಸಿಪಾಯಿಗಳಿಗೆ ಹೊಸ ಕವಾಯತು ಕಲಿಸಿದ್ದು ಇಲ್ಲಿನ ನಿಜವಾದ ಸಾಧನೆ. ಆರೇಳು ವರ್ಷಗಳಲ್ಲಿ ಅವನು ಮೈಸೂರಿನ ಒಡೆತನವನ್ನೇ ಹಿಡಿದ.

1769ರ ಒಪ್ಪಂದದಂತೆ ಮರಾಠರ ವಿರುದ್ಧ ನೆರವಿಗೆ ಬರಬೇಕಾಗಿದ್ದ ಇಂಗ್ಲಿಷರು ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. ಫ್ರಾನ್ಸಿನೊಡನೆ ಯುದ್ಧ ಶುರುವಾದ ಸುದ್ದಿ ತಿಳಿದೊಡನೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ 1778ರಲ್ಲಿ ಫ್ರೆಂಚರ ಪಾಂಡಿಚೇರಿಯನ್ನೂ ಮರುವರ್ಷ ಮಾಹೆಯನ್ನೂ ಹಿಡಿಯಿತು. ಮಾಹೆ ಹೈದರನಿಗೆ ಆಯುಧಗಳು ಬಂದಿಳಿಯುವ ಬಂದರು. 1780ರ ಜುಲೈನಲ್ಲಿ ಮೈಸೂರಿನ ಸೇನೆ ಘಟ್ಟವಿಳಿದು ಕರ್ನಾಟಿಕ್ ಬಯಲಿಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಪೊಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಪಡೆ ನೆಲಕಚ್ಚಿತು. ಅದೇ ವರ್ಷ, ದಿಂಡಿಗಲ್ ಸೀಮೆಯ ವಿರೂಪಾಕ್ಷಿಯಲ್ಲಿ ಹೈದರನ ಆಶ್ರಯದಲ್ಲಿ ಎಂಟು ವರ್ಷ ಕಳೆದಿದ್ದ ರಾಣಿ ವೇಲು ನಾಚಿಯಾರ್ ಅವನ ನೆರವಿನಿಂದ ಶಿವಗಂಗೆಯನ್ನು ಮರಳಿ ಪಡೆದಳು.

ಫ್ರೆಂಚ್ ನೆರವು ಬಂದದ್ದು ತಡವಾಗಿ. 1782ರ ಆರಂಭದಲ್ಲಿ ಅಡ್ಮಿರಲ್ ಸಫ್ರೆನ್‌ನ ನೌಕಾಪಡೆ ಕೋರಮಂಡಲ ತೀರ ತಲುಪಿತು; ಏಪ್ರಿಲ್‌ನಲ್ಲಿ ಕಡಲೂರು ಮಿತ್ರರ ಕೈಸೇರಿತು. ಇಂಗ್ಲಿಷ್ ನೌಕಾಪಡೆಯೊಡನೆ ಸಫ್ರೆನ್ ಐದು ಕದನ ನಡೆಸಿದ. ಆ ಇಂಗ್ಲಿಷ್ ಹಡಗುಗಳನ್ನೂ ಅವುಗಳ ಬೆನ್ನಿಗೆ ಬಂದ ದಂಡನ್ನೂ ಬ್ರಿಟನ್ ಈ ಕಡೆಗೆ ಕಳಿಸಬೇಕಾಯಿತು. ಸಮರದಲ್ಲಿ ಮೈಸೂರಿನ ಪಾತ್ರವನ್ನು ಅಳೆಯಬೇಕಾದದ್ದು ಮುಖ್ಯವಾಗಿ ಇದರಿಂದಲೇ. ಹೈದರನ ಗೆಲುವಿನ ಸುದ್ದಿ ಅಮೆರಿಕಕ್ಕೂ ಮುಟ್ಟಿತ್ತು. ಪೆನ್ಸಿಲ್ವೇನಿಯದವರು ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಹೈದರ್ 1782ರ ಡಿಸೆಂಬರ್ 7ರಂದು ತೀರಿಕೊಂಡ. ಅವನ ಮಗ ಟಿಪ್ಪು ಪಡುವಣ ಕರಾವಳಿಯಲ್ಲಿದ್ದಾಗ ಕಂಪನಿಯ ಪಡೆ ದಕ್ಷಿಣದಿಂದ ಏರಿಬಂತು. 1783ರಲ್ಲಿ ಕರ್ನಲ್ ಲ್ಯಾಂಗ್ ಕರೂರನ್ನೂ ದಿಂಡಿಗಲ್ಲನ್ನೂ ಹಿಡಿದ. ಅವನ ನಂತರ ಬಂದ ಫುಲ್ಲರ್ಟನ್ ಧಾರಾಪುರ, ಪಾಲಘಾಟುಗಳನ್ನು ಗೆದ್ದ. ಇತ್ತ ಕಡಲೂರಿಗೆ ಇಂಗ್ಲಿಷರು ಹಾಕಿದ ಮುತ್ತಿಗೆ ಜೋರಾಗಿರುವಾಗಲೇ, ಜೂನ್ ಕೊನೆಗೆ, ಯುರೋಪಿನಲ್ಲಿ ಸಂಧಿಯಾದ ಸುದ್ದಿ ಹಡಗಿನಲ್ಲಿ ಬಂತು. ಮಂಗಳೂರು ಕೋಟೆಯನ್ನು ಟಿಪ್ಪುವಿನೊಡನೆ ಮುತ್ತಿದ್ದ ಫ್ರೆಂಚ್ ಸೈನಿಕರು ಯುದ್ಧದಿಂದ ಹಿಂದೆ ಸರಿದರು. ಟಿಪ್ಪುವಿಗೆ ಇದು ಮಿತ್ರದ್ರೋಹವಾಗಿ ಕಂಡಿತು. ಅವನಿದ್ದ ಜಾಗದಲ್ಲಿ ಯಾರಿಗಾದರೂ ಹಾಗೆಯೇ ಕಾಣುತ್ತಿತ್ತು. ಆದರೂ ಮುತ್ತಿಗೆಯನ್ನು ಅವನು ಬಿಡಲಿಲ್ಲ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಎರಡೂ ಕಡೆಯವರು ಗೆದ್ದ ನೆಲವನ್ನು ಬಿಟ್ಟುಕೊಟ್ಟರು, ದಿಂಡಿಗಲ್ ಮತ್ತೆ ಮೈಸೂರಿಗೆ ಬಂತು.

ಮೂರನೆಯ ಮೈಸೂರು ಯುದ್ಧದಲ್ಲಿ, 1790ರಲ್ಲಿ, ಕರ್ನಲ್ ಸ್ಟುವರ್ಟ್ ದಿಂಡಿಗಲ್ ಕೋಟೆಯನ್ನು ವಶಪಡಿಸಿಕೊಂಡ. ಆಗ ಟಿಪ್ಪುವಿನ ನೆರವಿಗೆ ಫ್ರೆಂಚ್ ನೌಕಾಪಡೆ ಬರಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ದಿಂಡಿಗಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು.