ಮಕ್ಕಳ ಜೊತೆ ಕ್ರೂಸ್ ಪ್ರವಾಸ: ಬುಕ್ ಮಾಡುವ ಮುನ್ನ ತಿಳಿಯಬೇಕಾದ ಸಂಗತಿಗಳು

‘ದೊಡ್ಡ ಹಡಗು ಅಲುಗಾಡುವುದೇ ಇಲ್ಲ, ಮಕ್ಕಳಿಗೆ ಏನೂ ಆಗಲ್ಲ.’ ರಜೆ ಹತ್ತಿರ ಬಂದಾಗ ಕ್ರೂಸ್ ಆಫರ್‌ಗಳ ಜೊತೆ ಇಂಥ ಮೆಸೇಜ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಕ್ರೂಸ್ ಅಂದ್ರೆ ವಾಂತಿಭೇದಿಯ ಗೂಡು, ಮಕ್ಕಳನ್ನು ಕರ್ಕೊಂಡು ಹೋಗ್ಲೇಬೇಡಿ.’ ಎರಡನ್ನೂ ಪೂರ್ತಿ ನಂಬಬೇಕಿಲ್ಲ. ಹಡಗಿನಲ್ಲಿ ಮಗು ಆರಾಮಾಗಿರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಎರಡು ವಿಷಯಗಳ ಮೇಲೆ ನಿಂತಿದೆ: ಯಾವ ತಿಂಗಳಲ್ಲಿ ಹೋಗುತ್ತೀರಿ, ಹಡಗಿನ ಯಾವ ಭಾಗದಲ್ಲಿ ಕೋಣೆ ಹಿಡಿಯುತ್ತೀರಿ. ಇವೆರಡೂ ಹಣ ಕಟ್ಟುವಾಗಲೇ ತೀರ್ಮಾನವಾಗಿಬಿಡುತ್ತವೆ.

ಶಾಲೆಗೆ ಹೋಗುವ ವಯಸ್ಸಿಗೇ ಯಾಕೆ ತೊಂದರೆ?

ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನು ಗುರುತಿಸುವ ಅಂಗವಿದೆ. ಹಡಗಿನ ಕೋಣೆಯಲ್ಲಿ ಕೂತಾಗ ‘ಮೇಲೆ ಕೆಳಗೆ ಹೋಗುತ್ತಿದ್ದೇವೆ’ ಎಂದು ಅದು ಮಿದುಳಿಗೆ ಹೇಳುತ್ತದೆ. ಎದುರಿನ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ, ಎಲ್ಲ ನಿಂತಿದೆ’ ಎನ್ನುತ್ತದೆ. ಈ ಜಗಳದಿಂದಲೇ ತಲೆಸುತ್ತು, ಬೆವರು, ವಾಂತಿ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಕಾಡುವುದು ಅಪರೂಪ. ಹೆಚ್ಚು ಕಾಡುವುದು ಸುಮಾರು 6ರಿಂದ 12 ವರ್ಷದವರನ್ನು. ಅಂದರೆ ‘ಈಗ ಮಕ್ಕಳು ದೊಡ್ಡವರಾದ್ರು, ಕ್ರೂಸ್‌ಗೆ ಹೋಗೋಣ’ ಎಂದು ನಾವು ಹೊರಡುವ ವಯಸ್ಸಿಗೇ! ಆಗುಂಬೆಯದೋ ಚಾರ್ಮಾಡಿಯದೋ ತಿರುವುಗಳಲ್ಲಿ ನಿಮ್ಮ ಮಗು ಕವರ್ ಕೇಳುತ್ತದೆ ಎಂದಾದರೆ ಹಡಗಿನಲ್ಲೂ ಕೇಳಬಹುದು ಎಂದುಕೊಂಡೇ ಸಿದ್ಧರಾಗಿ.

ಹಡಗು ದೊಡ್ಡದಾದಷ್ಟೂ ಅಲುಗಾಟ ಕಡಿಮೆ ಎಂಬುದು ನಿಜ. ಹಡಗಿನ ಎರಡೂ ಬದಿಗೆ ನೀರಿನೊಳಗೆ ಚಾಚುವ ರೆಕ್ಕೆಗಳಿರುತ್ತವೆ, ಇವಕ್ಕೆ ಸ್ಟೆಬಿಲೈಸರ್ ಎನ್ನುತ್ತಾರೆ. ಹಡಗು ಎಡಬಲಕ್ಕೆ ವಾಲುವುದನ್ನು ಇವು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಅಲೆ ಎದುರಿನಿಂದ ಬಂದಾಗ ಹಡಗಿನ ಮೂತಿ ಏಳುವುದು, ಇಳಿಯುವುದು ಇದೆಯಲ್ಲ, ಅದಕ್ಕೆ ಈ ರೆಕ್ಕೆಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರಿಸುವುದು ವೇಗದ ಕುಲುಕಾಟವಲ್ಲ, ಸುಮಾರು 5 ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ತೂಗಾಟ.

ಇನ್ನು ಕೋಣೆ. ಏತವೋ ಸೀಸಾವೋ ನೆನಪಿಸಿಕೊಳ್ಳಿ: ತುದಿಗಳು ಎಷ್ಟೇ ಏರಿಳಿದರೂ ನಡುವಿನ ಜಾಗ ಹೆಚ್ಚು ಕದಲುವುದಿಲ್ಲ. ಹಡಗೂ ಹಾಗೆಯೇ. ಉದ್ದದ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿರುವ ಕೋಣೆಯೇ ಹೆಚ್ಚು ಸ್ಥಿರ. ಮೇಲಿನ ಮಹಡಿಯ ತುದಿಯಲ್ಲಿರುವ ಬಾಲ್ಕನಿ ಕೋಣೆಗೆ ಹೆಚ್ಚು ಹಣ ಕೊಟ್ಟು ಹೆಚ್ಚು ತೂಗಾಟ ಕೊಂಡುಕೊಳ್ಳುವವರೂ ಇದ್ದಾರೆ. ಬುಕ್ ಮಾಡುವಾಗ ಹಡಗಿನ ನಕ್ಷೆ ಕೇಳಿ, ಕೋಣೆ ಎಲ್ಲಿದೆ ಎಂದು ಬೆರಳಿಟ್ಟು ನೋಡಿ. ‘ಕೋಣೆ ಆಮೇಲೆ ನಾವೇ ಕೊಡುತ್ತೇವೆ’ ಎನ್ನುವ ಅಗ್ಗದ ಟಿಕೆಟ್‌ನಲ್ಲಿ ಈ ಆಯ್ಕೆ ಕೈತಪ್ಪುತ್ತದೆ.

ಇನ್ನೊಂದು ವಿಷಯವನ್ನು ಯಾವ ಆಫರ್‌ನಲ್ಲೂ ಬರೆದಿರುವುದಿಲ್ಲ. ದೇಹ ಸಮುದ್ರದ ತೂಗಾಟಕ್ಕೆ ಒಗ್ಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಮುಂಬೈಯಿಂದ ಗೋವಾ ಕಡೆಗೆ ಹೋಗುವಂಥ ಎರಡು ರಾತ್ರಿಯ ಪ್ರವಾಸ, ಮಗು ಹಡಗಿಗೆ ಒಗ್ಗುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಹಾಗಾಗಿ ಚಿಕ್ಕ ಪ್ರವಾಸ ಮಕ್ಕಳಿಗೆ ಸುಲಭ ಎಂದೇನಲ್ಲ. ಅಲ್ಲಿ ಸಮುದ್ರ ಶಾಂತವಾಗಿರುವುದು ಇನ್ನೂ ಮುಖ್ಯ.

ಯಾವ ತಿಂಗಳು?

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರುವಾಗಿ ಮೇ ಕೊನೆಯವರೆಗೆ ಇರುತ್ತದೆ. ಅರಬ್ಬಿ ಸಮುದ್ರಕ್ಕೆ ಹೋಗುವುದಾದರೆ ಏಪ್ರಿಲ್ಲನ್ನೇ ಆರಿಸಿಕೊಳ್ಳಿ. ಮೇ ಮಧ್ಯದಿಂದ ಚಂಡಮಾರುತಗಳ ಭಯ ಶುರು. 2021ರ ಮೇ ತಿಂಗಳಲ್ಲಿ ತೌಕ್ತೆ ಕರಾವಳಿಯನ್ನು ಹೇಗೆ ಅಪ್ಪಳಿಸಿತೆಂದು ಮಲ್ಪೆ, ಉಳ್ಳಾಲದವರನ್ನು ಕೇಳಿದರೆ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು; ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಹಡಗು ಮಳೆಗಾಲದಲ್ಲಿ ಚೆನ್ನೈ ಕಡೆಗೆ ಹೋಗಿದ್ದೂ ಉಂಟು. ದಸರಾ ರಜೆಯ ಹೊತ್ತಿಗೆ ಮತ್ತೆ ಚಂಡಮಾರುತದ ಕಾಲ ಬರುತ್ತದೆ. 2017ರ ಡಿಸೆಂಬರ್ ಆರಂಭದಲ್ಲಿ ಒಖಿ ಲಕ್ಷದ್ವೀಪಕ್ಕೇ ಹೊಡೆದಿತ್ತು. ಆದರೂ ಸಾಮಾನ್ಯವಾಗಿ ಈ ಕಡಲು ಶಾಂತವಾಗಿರುವುದು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಹಾಗಾಗಿ ಕ್ರಿಸ್‌ಮಸ್ ರಜೆ ಇದ್ದವರಿಗೆ ಅನುಕೂಲ.

ಬೆಂಗಳೂರಿನಿಂದ ಅನೇಕರು ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಪೆನಾಂಗ್, ಫುಕೆಟ್ ಕಡೆಗೆ ಹಡಗು ಹತ್ತುತ್ತಾರೆ. ಆ ದಾರಿ ಇರುವುದು ಮಲಕ್ಕಾ ಜಲಸಂಧಿಯಲ್ಲಿ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ, ಎರಡೂ ಗೋಡೆಯಂತೆ ಅಲೆ ತಡೆಯುತ್ತವೆ. ಜೊತೆಗೆ ಸಮಭಾಜಕ ವೃತ್ತದ ಹತ್ತಿರ ಗಾಳಿಯನ್ನು ಸುತ್ತಿಸುವ ಬಲ ತೀರಾ ಕಡಿಮೆ, ಆದ್ದರಿಂದ ಅಲ್ಲಿ ಚಂಡಮಾರುತ ಹುಟ್ಟುವುದು ಬಲು ಅಪರೂಪ (2001ರ ಡಿಸೆಂಬರ್‌ನಲ್ಲಿ ಒಂದು ಹುಟ್ಟಿತ್ತು, ಅದರ ಹೆಸರು ವಾಮೆಯಿ). ವಾಂತಿಯ ಭಯವಿರುವ ಮಗುವಿನ ಮೊದಲ ಪ್ರವಾಸಕ್ಕೆ ಈ ದಾರಿ ಒಳ್ಳೆಯದು.

ನಿಂಬೆಹಣ್ಣು, ಪೇಪರ್, ಮಾತ್ರೆ

ಬಸ್ಸಿನಲ್ಲಿ ಮಕ್ಕಳಿಗೆ ನಿಂಬೆಹಣ್ಣು ಮೂಸಿಸುವುದು, ನ್ಯೂಸ್‌ಪೇಪರ್ ಮೇಲೆ ಕೂರಿಸುವುದು ನಮ್ಮಲ್ಲಿ ಹಳೆಯ ರೂಢಿ. ನಿಂಬೆಯ ಪರಿಮಳ ಕೆಲವರಿಗೆ ಹಿತವೆನಿಸಬಹುದು, ತೊಂದರೆಯಂತೂ ಇಲ್ಲ. ಪೇಪರ್‌ಗೂ ಒಳಕಿವಿಗೂ ಯಾವ ಸಂಬಂಧವೂ ಇಲ್ಲ. ಕೆಲಸ ಮಾಡುವುದು ಬೇರೆ: ಮಗುವನ್ನು ಹೊರಗಿನ ಡೆಕ್‌ಗೆ ಕರೆತಂದು ದೂರದ ಕ್ಷಿತಿಜ ನೋಡಿಸಿ. ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಕೈಯಲ್ಲಿರುವ ಮೊಬೈಲ್ ಗೇಮ್ ತಕ್ಷಣ ತೆಗೆದಿಡಿ. ಖಾಲಿ ಹೊಟ್ಟೆಯೂ ಬೇಡ, ಬಫೆಯ ಪೂರಿ ಪಾಯಸ ಬಿಗಿದ ಹೊಟ್ಟೆಯೂ ಬೇಡ.

ಮಾತ್ರೆಯ ವಿಷಯದಲ್ಲಿ ಒಂದು ಗೊಂದಲವಿದೆ. ಮನೆಯಲ್ಲಿ ಉಳಿದ ಒಂಡಾನ್‌ಸೆಟ್ರಾನ್ ಸಿರಪ್ ಇಟ್ಟುಕೊಂಡು ಹೊರಡುವವರು ಬಹಳ. ಹೊಟ್ಟೆ ಕೆಟ್ಟಾಗಿನ ವಾಂತಿಗೆ ಅದು ಸರಿ. ಪ್ರಯಾಣದ ವಾಕರಿಕೆಯನ್ನು ಅದು ತಡೆಯುವುದಿಲ್ಲ. ಇದಕ್ಕೆ ಬೇಕಾದ್ದು ಪ್ರೊಮೆಥಜಿನ್‌ನಂಥ ಬೇರೆ ಗುಂಪಿನ ಔಷಧ. ಅದನ್ನು ವಾಕರಿಕೆ ಶುರುವಾಗುವ ಮೊದಲೇ ಕೊಡಬೇಕು, ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಮಗುವಿನ ತೂಕ ಹೇಳಿ ಮಕ್ಕಳ ಡಾಕ್ಟರ್ ಬಳಿ ಬರೆಸಿಕೊಳ್ಳಿ. ಇದು ಹೆಚ್ಚಿನ ಮಕ್ಕಳಿಗೆ ನಿದ್ದೆ ತರಿಸುತ್ತದೆ, ಕೆಲವರಿಗೆ ಮಾತ್ರ ತದ್ವಿರುದ್ಧವಾಗಿ ಚಡಪಡಿಕೆ ಹಿಡಿಸುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ಕೊಟ್ಟು ನೋಡಬಹುದೇ ಎಂದೂ ಕೇಳಿಕೊಳ್ಳಿ.

ವಾಂತಿಭೇದಿಯ ಗೂಡು?

ಹಡಗಿನಲ್ಲಿ ಹರಡುವ ವಾಂತಿಭೇದಿಗೆ ಮುಖ್ಯ ಕಾರಣ ನೊರೊವೈರಸ್. ಆದರೆ ಅಮೆರಿಕದ ಸಿಡಿಸಿ ಹೇಳುವಂತೆ, ಅಲ್ಲಿ ವರದಿಯಾಗುವ ಇಂಥ ಎಲ್ಲ ಹಾವಳಿಗಳಲ್ಲಿ ಹಡಗುಗಳ ಪಾಲು ಶೇ 1ರಷ್ಟು ಮಾತ್ರ. ಶಾಲೆ, ಹೋಟೆಲ್, ವೃದ್ಧಾಶ್ರಮಗಳಲ್ಲೂ ಇದು ಹರಡುತ್ತದೆ. ಅಮೆರಿಕದ ನಿಯಮದಡಿ ಬರುವ ಹಡಗುಗಳು ರೋಗಿಗಳ ಲೆಕ್ಕ ಕೊಡಲೇಬೇಕು, ಶೇ 3ರಷ್ಟು ಜನ ಹಾಸಿಗೆ ಹಿಡಿದರೆ ಸಿಡಿಸಿ ಅದನ್ನು ಪ್ರಕಟಿಸುತ್ತದೆ. ಸುದ್ದಿ ಅಲ್ಲಿಂದ ಬರುತ್ತದೆ.

ಹಾಗೆಂದು ಉದಾಸೀನ ಬೇಡ. ಈ ವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಬಫೆ ಬಾಗಿಲಲ್ಲಿ ಕೈಗೆ ಒಂದು ಹನಿ ಹಾಕಿಸಿಕೊಂಡರೆ ಸಾಲದು. ಸೋಪು ಹಚ್ಚಿ 20 ಸೆಕೆಂಡು ತಿಕ್ಕಿ ತೊಳೆಯಬೇಕು. ಒಂದು ವೇಳೆ ಮಗುವಿಗೆ ಭೇದಿ ಶುರುವಾದರೆ ‘ಹೇಳಿದ್ರೆ ಕೋಣೆಯಲ್ಲೇ ಕೂರಿಸ್ತಾರೆ’ ಎಂದು ಮುಚ್ಚಿಡುವುದು ದೊಡ್ಡ ತಪ್ಪು. ಓಆರ್‌ಎಸ್ ಕೊಡಿ, ಹಡಗಿನ ಡಾಕ್ಟರಿಗೆ ತಿಳಿಸಿ, ಗುಣವಾದ ಮೇಲೂ 48 ಗಂಟೆ ಮಕ್ಕಳ ಕ್ಲಬ್‌ಗೂ ಈಜುಕೊಳಕ್ಕೂ ಕಳಿಸಬೇಡಿ. ಹಡಗಿನ ಚಿಕಿತ್ಸೆ ಸಾಮಾನ್ಯವಾಗಿ ದುಬಾರಿ, ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ವಿದೇಶಕ್ಕಾದರೆ ಪ್ರಯಾಣ ವಿಮೆ ಇರಲಿ. ಈಜುಕೊಳದ ಮಾತು ಬಂತು: ಎಲ್ಲ ಹಡಗುಗಳಲ್ಲೂ ಲೈಫ್‌ಗಾರ್ಡ್ ಇರುವುದಿಲ್ಲ. ಮಗು ನೀರಿನಲ್ಲಿದ್ದಾಗ ನೀವು ಕೈಗೆಟುಕುವಷ್ಟು ಹತ್ತಿರ ಇರಬೇಕು.

ಹತ್ತಿದ ದಿನವೇ ಸುರಕ್ಷತಾ ಡ್ರಿಲ್ ಇರುತ್ತದೆ. 2012ರಲ್ಲಿ ಇಟಲಿ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿದಾಗ, ಆಗಷ್ಟೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲಿಲ್ಲ. ಆಮೇಲೆ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ ಬಂತು. ಮಕ್ಕಳ ಅಳತೆಯ ಲೈಫ್‌ಜಾಕೆಟ್ ಎಲ್ಲಿದೆ ಎಂದು ಆಗಲೇ ಕೇಳಿ, ಒಮ್ಮೆ ತೊಡಿಸಿ ನೋಡಿ.

ದಾಖಲೆಗಳಲ್ಲಿ ಜನ ಎಡವುವುದು ಮಕ್ಕಳ ಪಾಸ್‌ಪೋರ್ಟ್‌ನಲ್ಲಿ. ದೊಡ್ಡವರದು 10 ವರ್ಷ ಬಾಳುತ್ತದೆ, ಚಿಕ್ಕ ಮಕ್ಕಳದು 5 ವರ್ಷವಷ್ಟೇ. ಪ್ರವಾಸದ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಾಪುರದಿಂದ ಹಡಗು ಹತ್ತಿ ಮತ್ತೆ ಅಲ್ಲೇ ಇಳಿದರೆ ಅದು ಎರಡನೇ ಪ್ರವೇಶ, ವೀಸಾದಲ್ಲಿ ಅದಕ್ಕೆ ಅವಕಾಶವಿದೆಯೇ ನೋಡಿ. ಲಕ್ಷದ್ವೀಪಕ್ಕೆ ನಾವೂ ಪರವಾನಗಿ ಪಡೆಯಬೇಕು. ಕಂಪನಿಯೇ ಮಾಡಿಸುತ್ತದೆಯೇ ಎಂದು ವಿಚಾರಿಸಿ.

ಕೊನೆಗೆ ಮೊಬೈಲ್. ತೀರ ಬಿಟ್ಟ ಮೇಲೆ ಫೋನು ಹಡಗಿನದೇ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಳ್ಳಬಹುದು. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಅದಕ್ಕೆ ಅನ್ವಯಿಸದಿದ್ದರೆ ಬಿಲ್ ಗಾಬರಿ ಹುಟ್ಟಿಸುತ್ತದೆ. ಮಕ್ಕಳ ಕೈಯಲ್ಲಿರುವ ಫೋನ್ ಸೇರಿದಂತೆ ಎಲ್ಲವನ್ನೂ ಬಂದರಿನಲ್ಲೇ ಫ್ಲೈಟ್ ಮೋಡ್‌ಗೆ ಹಾಕಿ. ಕೌಂಟರ್‌ನಲ್ಲಿ ಒಪ್ಪಿಸಿದ ಸೂಟ್‌ಕೇಸ್ ಕೋಣೆಗೆ ಬರಲು ಸಂಜೆಯಾಗಬಹುದು, ಆದ್ದರಿಂದ ಔಷಧ, ಒಂದು ಜೊತೆ ಬಟ್ಟೆ, ಈಜುಡುಗೆ ಕೈಚೀಲದಲ್ಲೇ ಇರಲಿ.