ಶನಿವಾರ ನಿಲ್ಲುವ ಗಾಣ

ಮುಂಬಯಿಯ ದಕ್ಷಿಣಕ್ಕೆ, ಈಗಿನ ರಾಯಗಡ ಜಿಲ್ಲೆಯ ಕರಾವಳಿಯ ಹಳ್ಳಿಗಳಲ್ಲಿ ಗಾಣ ನಡೆಸಿ ಬದುಕುವ ಒಂದು ಜನವಿತ್ತು. ಮನೆಮಾತು ಮರಾಠಿ, ಉಡುಗೆತೊಡುಗೆ ನೆರೆಯವರಂತೆಯೇ. ಊರವರ ಕಣ್ಣಿಗೆ ಬೇರೆಯಾಗಿ ಕಂಡದ್ದು ಮುಖ್ಯವಾಗಿ ಒಂದು ಸಂಗತಿ. ಶನಿವಾರ ಬಂತೆಂದರೆ ಅವರ ಗಾಣ ತಿರುಗುತ್ತಿರಲಿಲ್ಲ. ಹಾಗಾಗಿ ಅವರಿಗೆ ‘ಶನಿವಾರ ತೇಲಿ’ ಎಂದೇ ಹೆಸರು ಬಿತ್ತು. ತೇಲಿ ಎಂದರೆ ಗಾಣಿಗ. ಅದೇ ಸೀಮೆಯಲ್ಲಿ ಶಿವನ ವಾರವೆಂದು ಸೋಮವಾರ ಎತ್ತು ಕಟ್ಟದ ‘ಸೋಮವಾರ ತೇಲಿ’ಗಳೂ ಇದ್ದುದರಿಂದ ಈ ಹೆಸರು ಯಾರಿಗೂ ವಿಚಿತ್ರವೆನಿಸಲಿಲ್ಲ.

ಆ ಶನಿವಾರದ ಗಾಣಿಗರೇ ಬೆನೆ ಇಸ್ರೇಲಿಗಳು, ಭಾರತದ ಯೆಹೂದ್ಯರಲ್ಲಿ ದೊಡ್ಡ ಸಮುದಾಯ. ಶತಮಾನಗಳ ಕಾಲ ಉಳಿದ ಯೆಹೂದ್ಯ ಲೋಕದಿಂದ ದೂರ ಉಳಿದ ಅವರಿಗೆ ಹೀಬ್ರೂ ಭಾಷೆ ಬಹುಮಟ್ಟಿಗೆ ಮರೆತೇಹೋಗಿತ್ತು. ಪ್ರಾರ್ಥನೆಯ ಒಂದೆರಡು ಸಾಲು, ಸುನ್ನತಿ, ಊಟದ ಕೆಲವು ಕಟ್ಟಳೆ, ಇವುಗಳ ಜೊತೆಗೆ ಶನಿವಾರ ಉಳಿದಿತ್ತು. ಪುಸ್ತಕವಿಲ್ಲದೆ, ಗುರುವಿಲ್ಲದೆ, ಬಹುಮಟ್ಟಿಗೆ ಕೈಕೆಲಸ ನಿಲ್ಲಿಸಿಯೇ ಒಂದು ಧರ್ಮ ಉಳಿದುಬಂದ ಬಗೆ ನಿಜಕ್ಕೂ ದೊಡ್ಡದು.

ಆ ಶನಿವಾರವೇ ಯೆಹೂದ್ಯರ ಸಬ್ಬತ್. ಕನ್ನಡದ ಬೈಬಲ್ ಓದುವವರಿಗೆ ‘ಸಬ್ಬತ್ ದಿನ’ ಪರಿಚಿತ ಮಾತು. ಹೀಬ್ರೂವಿನಲ್ಲಿ ಅದು ‘ಶಬ್ಬಾತ್’. ಅದರ ಧಾತುವಿಗೆ ನಿಲ್ಲಿಸು, ಕೈಬಿಡು ಎಂಬ ಅರ್ಥ. ಆಯಾಸದ ಸುಳಿವು ಆ ಧಾತುವಿನಲ್ಲಿಲ್ಲ. ಆರು ದಿನ ಸೃಷ್ಟಿ ಮಾಡಿ ಏಳನೆಯ ದಿನ ದೇವರು ಸುಮ್ಮನಾದದ್ದು ಸುಸ್ತಾಗಿ ಅಲ್ಲ. ಮಾಡುವುದನ್ನು ನಿಲ್ಲಿಸಿದ, ಅಷ್ಟೇ. ಇಂದಿನ ಇಸ್ರೇಲಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರೆ ಪತ್ರಿಕೆಗಳು ಬಳಸುವ ‘ಶ್ವಿತಾ’ ಎಂಬ ಪದವೂ ಇದೇ ಬೇರಿನದು. ವಾರದ ಪವಿತ್ರ ದಿನವೂ ಮುಷ್ಕರವೂ ಒಂದೇ ತಾಯಿಯ ಮಕ್ಕಳು.

ಪದ ಎಲ್ಲೆಲ್ಲಿಗೋ ಪಯಣಿಸಿತು. ಸ್ಪ್ಯಾನಿಷ್‌ನ ಸಾಬಾದೊ, ರಷ್ಯನ್ನಿನ ಸುಬ್ಬೋತಾ, ಅರಬ್ಬಿಯ ಸಬ್ತ್, ಇಂಡೋನೇಷ್ಯಾದ ಸಬ್ತು ಎಲ್ಲವೂ ಶನಿವಾರವೇ. ಪಾರಸಿಯವರು ಅದನ್ನು ‘ಶಂಬೆ’ ಮಾಡಿಕೊಂಡು ಅಲ್ಲಿಂದ ಮುಂದಕ್ಕೆ ದಿನಗಳನ್ನು ಎಣಿಸಿದರು. ಶನಿವಾರದಿಂದ ಎರಡನೆಯದು ದುಶಂಬೆ, ಅಂದರೆ ಸೋಮವಾರ. ಸೋಮವಾರದ ಸಂತೆ ನಡೆಯುತ್ತಿದ್ದ ಒಂದು ಹಳ್ಳಿ ಇವತ್ತು ತಜಿಕಿಸ್ತಾನದ ರಾಜಧಾನಿ ದುಶಾಂಬೆ. ಸಬ್ಬತ್ತಿನ ಹೆಸರು ಹೊತ್ತ ರಾಜಧಾನಿ ಮಧ್ಯ ಏಷ್ಯಾದಲ್ಲಿದೆ!

ಕನ್ನಡದಲ್ಲಿ ದಿನನಿತ್ಯ ಬಳಕೆಯಲ್ಲಿರುವ ಪದ ‘ರಜೆ’, ಉತ್ತರ ಕರ್ನಾಟಕದಲ್ಲಿ ‘ಸೂಟಿ’. ರಜೆ ಅರಬ್ಬಿ ಮೂಲದ್ದು, ದರ್ಬಾರು ಕಚೇರಿಗಳ ಮೂಲಕ ಬಂದದ್ದು. ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಅದಕ್ಕೇ ರಜೆಯನ್ನು ಕೇಳಬೇಕು, ಅರ್ಜಿ ಹಾಕಬೇಕು, ಮೇಲಿನವರು ಮಂಜೂರು ಮಾಡಬೇಕು. ಸಬ್ಬತ್ತಿಗೆ ಹತ್ತಿರದ ಕನ್ನಡ ಪದ ‘ಬಿಡುವು’. ಬೇರು ‘ಬಿಡು’. ಶಾಲೆ ಬಿಡುತ್ತದೆ, ನೊಗದಿಂದ ಎತ್ತು ಬಿಡುತ್ತಾರೆ, ಹಿಡಿದ ಹಟ ಬಿಡುತ್ತಾರೆ. ಅದೇ ಬೇರಿನಿಂದ ‘ಬಿಡುಗಡೆ’ಯೂ ಬಂದಿದೆ. ಈ ನಂಟನ್ನು ಬೈಬಲಿನ ಕಟ್ಟಳೆಯ ಪಕ್ಕದಲ್ಲಿಟ್ಟು ನೋಡಿದರೆ ಸಬ್ಬತ್ತಿನ ತಿರುಳು ಬಿಚ್ಚಿಕೊಳ್ಳುತ್ತದೆ.

ಆ ಕಟ್ಟಳೆ ಬೈಬಲಿನಲ್ಲಿ ಮುಖ್ಯವಾಗಿ ಎರಡು ಕಡೆ ಬರುತ್ತದೆ, ಎರಡು ಕಾರಣ ಕೊಡುತ್ತದೆ. ವಿಮೋಚನಕಾಂಡದಲ್ಲಿ ಸೃಷ್ಟಿಯ ಕಥೆಯೇ ಕಾರಣ. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀವು ಈಜಿಪ್ಟಿನಲ್ಲಿ ದಾಸರಾಗಿದ್ದಿರಿ, ಅದನ್ನು ಮರೆಯಬೇಡಿ. ಕೆಲಸ ಬಿಡಬೇಕಾದವರ ಪಟ್ಟಿಯಲ್ಲಿ ಮನೆಯ ಯಜಮಾನನೊಬ್ಬನೇ ಇಲ್ಲ. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರೂ ಇದ್ದಾರೆ. ಅಪ್ಪಣೆ ಕೊಡುವವನು ಆ ದಿನ ಅಪ್ಪಣೆ ಕೊಡುವುದನ್ನೇ ನಿಲ್ಲಿಸಬೇಕು. ದಾಸ್ಯ ಕಂಡವರಷ್ಟೇ ಬರೆಯಬಲ್ಲ ಪಟ್ಟಿ ಅದು.

ಮನೆಯೊಳಗೆ ಈ ದಿನ ನಡೆಯುವ ಬಗೆಗೆ ಸ್ಪಷ್ಟ ಲೆಕ್ಕವಿದೆ. ಕ್ರಿಸ್ತಶಕ 200ರ ಸುಮಾರಿಗೆ ಸಂಕಲನಗೊಂಡ ‘ಮಿಷ್ನಾ’ ನಿಷಿದ್ಧ ಕೆಲಸಗಳನ್ನು ‘ನಲವತ್ತಕ್ಕೆ ಒಂದು ಕಡಿಮೆ’ ಎಂದು ಎಣಿಸುತ್ತದೆ. ಉಳುವುದು, ಬಿತ್ತುವುದು, ನೇಯುವುದು, ಗಂಟು ಹಾಕುವುದು, ಬೆಂಕಿ ಹೊತ್ತಿಸುವುದು, ಆರಿಸುವುದು. ಎರಡು ಅಕ್ಷರ ಬರೆದರೂ ಕಟ್ಟಳೆ ಮುರಿದಂತೆ. ಶುಕ್ರವಾರ ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮುಂಚೆ, ಸಾಮಾನ್ಯವಾಗಿ ಮನೆಯ ಹೆಂಗಸು, ದೀಪ ಹಚ್ಚುತ್ತಾಳೆ. ಅಲ್ಲಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಒಲೆ ಹೊತ್ತಿಸುವಂತಿಲ್ಲ, ಕಾರು ಓಡಿಸುವಂತಿಲ್ಲ, ಹಣ ಮುಟ್ಟುವಂತಿಲ್ಲ. ಬೆಂಕಿ ಹೊತ್ತಿಸಬಾರದೆಂಬ ಕಾರಣಕ್ಕೆ ಒಂದು ಅಡುಗೆಯೇ ಹುಟ್ಟಿತು. ಶುಕ್ರವಾರ ಸಂಜೆ ಒಲೆಗೇರಿಸಿದ ಮಾಂಸ, ಕಾಳು, ಗೋಧಿಯ ಪಾತ್ರೆ ಸಣ್ಣ ಕಾವಿನಲ್ಲಿ ರಾತ್ರಿಯಿಡೀ ಬೇಯುತ್ತ ಮರುದಿನ ಮಧ್ಯಾಹ್ನದ ಊಟಕ್ಕೆ ಬಿಸಿಯಾಗಿಯೇ ಸಿಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಸಂಗತಿ ಬೆರಗು ತರಬಹುದು. ನಮ್ಮಲ್ಲಿ ‘ವಾರ ಹಿಡಿಯುವುದು’ ಎಂದರೆ ಒಪ್ಪತ್ತು. ಸೋಮವಾರವೋ ಶನಿವಾರವೋ ಹಿಡಿದವರು ಊಟ ಬಿಡುತ್ತಾರೆ, ಕೆಲಸ ಬಿಡುವುದಿಲ್ಲ. ಸಬ್ಬತ್ ಹಿಡಿದವರು ಕೆಲಸ ಬಿಡುತ್ತಾರೆ. ಆದರೆ ಆ ದಿನ ಉಪವಾಸ ಸಲ್ಲದು, ಮೂರು ಊಟ ಕಡ್ಡಾಯ. ಒಳ್ಳೆಯ ಬಟ್ಟೆ, ಅತಿಥಿಗಳು, ಹಾಡು, ಮಧ್ಯಾಹ್ನದ ನಿದ್ದೆ. ದಿನ ಮುಗಿಯುವಾಗ ಲವಂಗದಂಥ ಪರಿಮಳದ ಸಾಮಾನು ಮೂಸಿ, ಹೆಣೆದ ಮೇಣದಬತ್ತಿಯನ್ನು ದ್ರಾಕ್ಷಾರಸದಲ್ಲಿ ಆರಿಸಿ ಬೀಳ್ಕೊಡುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟಿನ ಮೇಲೆ ಇನ್ನೊಂದು ನಿಯಮ ನಿಂತಿದೆ. ಜೀವ ಉಳಿಸುವ ಸಂದರ್ಭ ಬಂದರೆ ಸಬ್ಬತ್ ಮುರಿಯಲೇಬೇಕು. ನರರೋಗತಜ್ಞ, ಲೇಖಕ ಆಲಿವರ್ ಸ್ಯಾಕ್ಸ್ ಬೆಳೆದದ್ದು ಲಂಡನ್ನಿನ ಇಂಥ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ವೈದ್ಯರು. ಶುಕ್ರವಾರ ಮಧ್ಯಾಹ್ನ ಶಸ್ತ್ರವೈದ್ಯೆ ತಾಯಿ ಆಸ್ಪತ್ರೆ ಮರೆತು ಅಡುಗೆಮನೆ ಸೇರುತ್ತಿದ್ದರು. ಆದರೂ ರೋಗಿಗಳ ಕರೆ ಬಂದೀತೆಂದು ಫೋನು ಮಾತ್ರ ಜೀವಂತ. ತನ್ನ ಸಲಿಂಗ ಒಲವನ್ನು ತಾಯಿ ಕಠೋರವಾಗಿ ಜರೆದ ಮೇಲೆ ಸ್ಯಾಕ್ಸ್ ಆ ಧರ್ಮದ ಆಚರಣೆಯಿಂದ ದೂರ ಸರಿದರು. ದಶಕಗಳ ನಂತರ ಜೆರುಸಲೇಮಿನಲ್ಲಿ ಬಂಧುಗಳು ಅವರನ್ನೂ ಅವರ ಸಂಗಾತಿಯನ್ನೂ ಸಬ್ಬತ್ ಊಟಕ್ಕೆ ಕರೆದು ಕೂರಿಸಿಕೊಂಡರು. ಈ ಇಡೀ ಪಯಣವನ್ನು ಅವರು ‘ಸಬ್ಬತ್’ ಎಂಬ ಪ್ರಬಂಧದಲ್ಲಿ ಬರೆದರು. ಅದು 2015ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಯಿತು. ಅದೇ ತಿಂಗಳ 30ರಂದು ಸ್ಯಾಕ್ಸ್ ತೀರಿಕೊಂಡರು.

ಆ ಬಂಧುಗಳಲ್ಲೊಬ್ಬರು ಗಣಿತಜ್ಞ ರಾಬರ್ಟ್ ಆಮನ್, 2005ರ ಅರ್ಥಶಾಸ್ತ್ರ ನೊಬೆಲ್ ಪಡೆದವರು. ನೊಬೆಲ್ ಪ್ರದಾನ ಪ್ರತಿವರ್ಷ ಡಿಸೆಂಬರ್ 10ಕ್ಕೆ. ಆ ವರ್ಷ ಅದು ಶನಿವಾರ ಬಿತ್ತು. ಆದರೆ ಡಿಸೆಂಬರಿನ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಮಾರಂಭದ ಹೊತ್ತಿಗೆ ಸಬ್ಬತ್ ಕಳೆದಿತ್ತು. ಪ್ರಶಸ್ತಿಗಾಗಿ ಸಬ್ಬತ್ತಿನಂದು ಪ್ರಯಾಣ ಮಾಡಬೇಕಾಗಿ ಬಂದಿದ್ದರೆ ಪ್ರಶಸ್ತಿಯನ್ನೇ ಬಿಡುತ್ತಿದ್ದೆ ಎಂದು ಆಮನ್ ಹೇಳಿದ್ದನ್ನು ಸ್ಯಾಕ್ಸ್ ಗೌರವದಿಂದ ದಾಖಲಿಸಿದ್ದಾರೆ.

ಭಾರತದಲ್ಲಿ ವಾರದ ಬಿಡುವು ಕಾರ್ಮಿಕರಿಗೆ ದಕ್ಕಿದ ಕಥೆಯಲ್ಲಿ ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆಯವರದು ದೊಡ್ಡ ಹೆಸರು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ‘ದೀನಬಂಧು’ ಪತ್ರಿಕೆ ನಡೆಸಿದವರು. ಬಟ್ಟೆ ಗಿರಣಿಗಳಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದವರನ್ನು 1884ರಿಂದ ಒಗ್ಗೂಡಿಸಿ, 1890ರ ಜೂನ್ 10ರಂದು ಭಾನುವಾರದ ರಜೆಗೆ ಗಿರಣಿ ಮಾಲೀಕರನ್ನು ಒಪ್ಪಿಸಿದರು. ಭಾನುವಾರ ಖಂಡೋಬಾನ ವಾರವೆಂಬುದೂ ಅವರು ಮುಂದಿಟ್ಟ ವಾದಗಳಲ್ಲೊಂದು. ಖಂಡೋಬಾ ಎಂದರೆ ಕರ್ನಾಟಕದ ಮೈಲಾರಲಿಂಗ. ಚರ್ಚಿನ ದಿನವನ್ನು ಗಿರಣಿಯ ಬಡವರು ತಮ್ಮ ದೇವರ ಹೆಸರಿನಲ್ಲಿ ತಮ್ಮದಾಗಿಸಿಕೊಂಡರು. ಮರುವರ್ಷದ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಸೇರಿತು. 1948ರ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ಕಲಮೇ ಇತ್ತು.

ಎತ್ತಿನ ಮಾತು ಬಿಟ್ಟುಹೋಗಬಾರದು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲಕ್ಕೆ ಹದ ಬಂದಿದ್ದರೂ ರೈತ ಮಂಗಳವಾರಕ್ಕೆ ಕಾಯುತ್ತಿದ್ದ. ಟ್ರ್ಯಾಕ್ಟರ್ ಬಂದಲ್ಲೆಲ್ಲ ಆ ಸೋಮವಾರ ತೆಳುವಾಗಿದೆ. ಯೆಹೂದ್ಯರಲ್ಲಿ ನೆಲಕ್ಕೂ ಸಬ್ಬತ್ತಿದೆ. ಇಸ್ರೇಲಿನ ನೆಲದಲ್ಲಿ ಏಳನೆಯ ವರ್ಷ ಬಿತ್ತನೆಯಿಲ್ಲ. ತಾನಾಗಿ ಬೆಳೆದದ್ದು ಬಡವರಿಗೂ ಕಾಡುಪ್ರಾಣಿಗಳಿಗೂ ಸೇರಬೇಕು. ಅದರ ಹೆಸರು ‘ಶ್ಮಿಟ್ಟಾ’, ಬೀಳಬಿಡುವುದು ಎಂದರ್ಥ. ನಮ್ಮ ರೈತರೂ ಹೊಲವನ್ನು ‘ಬೀಳು ಬಿಡುವುದು’ ಎಂದೇ ಅನ್ನುತ್ತಾರೆ. ಹಿಂದಿನ ಶ್ಮಿಟ್ಟಾ 2021ರ ಸೆಪ್ಟೆಂಬರಿನಲ್ಲಿ ಶುರುವಾಗಿತ್ತು, ಮುಂದಿನದು 2028ರಲ್ಲಿ.

ಈಚೆಗೆ ಫೋನು ಆರಿಸಿಟ್ಟು ಒಂದು ದಿನ ಕಳೆಯುವುದಕ್ಕೂ ಸಬ್ಬತ್ ಎಂಬ ಹೆಸರು ಅಂಟುತ್ತಿದೆ. ಒಳ್ಳೆಯದೇ, ಕಣ್ಣಿಗೂ ಮನಸ್ಸಿಗೂ ಅದು ಬೇಕು. ಆದರೆ ದಾಸಿ, ಎತ್ತು, ಪರದೇಶಿ ಇವರನ್ನು ಕೈಬಿಟ್ಟರೆ ಪದದ ಅರ್ಧ ಪ್ರಾಣ ಹೋಗುತ್ತದೆ. ಭಾನುವಾರ ಮನೆಮಂದಿ ಹಾಯಾಗಿರುವಾಗ ಅಡುಗೆಮನೆಯಲ್ಲಿ ಎರಡು ಪಟ್ಟು ಕೆಲಸ. ಸಬ್ಬತ್ ಮನೆಗಳಲ್ಲೂ ಶುಕ್ರವಾರದ ದುಡಿಮೆ ಬಹುಪಾಲು ಹೆಂಗಸರ ಮೇಲೆಯೇ ಬಿದ್ದಿದೆ. ಊಟ ತರಿಸಿಕೊಂಡರೆ ಆ ಹೊರೆ ಬೈಕಿನ ಹುಡುಗನ ಬೆನ್ನಿಗೆ ದಾಟುತ್ತದೆ.

ಪಾತ್ರೆ ತೊಳೆಯಲು, ನೆಲ ಒರೆಸಲು ಬರುವವರ ಸ್ಥಿತಿ ಇನ್ನೂ ಸೂಕ್ಷ್ಮ. ಕಾರ್ಖಾನೆಗಳ ವಾರದ ರಜೆ ಮನೆಗೆಲಸದವರನ್ನು ಮುಟ್ಟುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಪ್ಪಿದ 189ನೆಯ ಒಡಂಬಡಿಕೆ ಅವರಿಗೆ ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಇರಬೇಕೆನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಹಾಗಾಗಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲಸದಾಕೆಗೆ ಭಾನುವಾರ ಬಿಡುವು ಸಿಗುತ್ತದೆಯೇ ಇಲ್ಲವೇ ಎಂಬುದು ಆ ಮನೆಯವರ ಮರ್ಜಿ. ಅವರು ಶನಿವಾರ ರಾತ್ರಿಯೇ ‘ನಾಳೆ ಬರಬೇಡಮ್ಮ, ಸಂಬಳ ಹಿಡಿಯೋದಿಲ್ಲ’ ಎಂದರೆ ಬಿಡುವು. ಇಲ್ಲದಿದ್ದರೆ ಬೆಳಿಗ್ಗೆ ಏಳಕ್ಕೆ ಮತ್ತೆ ಕರೆಗಂಟೆ ಒತ್ತಬೇಕು.