ಒಂದು ಮನೆ, ಎರಡು ಒಲೆ

ಅಣ್ಣತಮ್ಮಂದಿರು ಪಾಲಾದಾಗ ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡುವುದು ನಮ್ಮಲ್ಲಿ ಹೊಸದಲ್ಲ. ನಡುಮನೆಗೆ ಅಡ್ಡಗೋಡೆ ಏಳುವುದು, ಅಡುಗೆ ಬೇರೆಯಾಗುವುದು. ತಲೆಬಾಗಿಲು ಮಾತ್ರ ಒಂದೇ ಉಳಿಯುವುದು. ಮನೆಯ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಆಪರೇಟಿಂಗ್ ಸಿಸ್ಟಮ್ಮಿನ ಪಕ್ಕದಲ್ಲಿ ಇನ್ನೊಂದನ್ನು ತಂದು ನೆಲೆಗೊಳಿಸುವ ಕೆಲಸವೂ ಇಂಥದೇ. ಗುಂಡಿ ಒತ್ತಿದೊಡನೆ ಪರದೆ, ಕೀಲಿಮಣೆ, ಹಾರ್ಡ್ ಡಿಸ್ಕುಗಳನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡು, ನಾವು ಹೇಳಿದ್ದನ್ನು ಅವುಗಳಿಂದ ಮಾಡಿಸುವ ಯಜಮಾನನೇ ಆಪರೇಟಿಂಗ್ ಸಿಸ್ಟಂ. ಯಜಮಾನರು ಇಬ್ಬರಾದರೆ ತಲೆಬಾಗಿಲಲ್ಲಿ ಕೂರುವವರು ಯಾರು?

1981ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಈ ಪ್ರಶ್ನೆಯೇ ಏಳಲಿಲ್ಲ. ಕೊಳ್ಳುವವರ ಮುಂದೆ ಅದು ಮೂರು ವ್ಯವಸ್ಥೆಗಳನ್ನಿಟ್ಟಿತು: ಪಿ.ಸಿ. ಡಾಸ್, ಸಿ.ಪಿ.ಎಂ.-86, ಪಿ-ಸಿಸ್ಟಂ. ಡಾಸಿನ ಬೆಲೆ 40 ಡಾಲರು, ಸಿ.ಪಿ.ಎಂ.ನದು 240. ಜನ ಯಾವುದಕ್ಕೆ ಒಲಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಯಂತ್ರಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ಬದಲಾಯಿಸಿದರೆ ಯಜಮಾನನೂ ಬದಲಾದಂತೆ.

1983ರ ಮಾರ್ಚಿನಲ್ಲಿ ಬಂದ ಎಕ್ಸ್.ಟಿ. ಯಂತ್ರದೊಳಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಕೂತಿತು. ಮನೆ ಕಟ್ಟಿದಂತಾಯಿತು, ಇನ್ನು ಪಾಲಿನ ಮಾತು ಬರಲೇಬೇಕು. ಆ ಏರ್ಪಾಡು ಮಾಡಿದವರ ದೂರದೃಷ್ಟಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಅವರು ತಲೆಬಾಗಿಲಿಗೆಂದು ಬಿಟ್ಟರು. ಅದರಲ್ಲಿ 64 ಬೈಟುಗಳ ಒಂದು ಪಾಲುಪಟ್ಟಿ. ಯಾವ ಪಾಲು ಎಲ್ಲಿಂದ ಹೊರಡುವುದು, ಎಷ್ಟು ದೂರ ಹೋಗುವುದು, ಯಾರದು ಎಂದು ನಾಲ್ಕು ಪಾಲುಗಳ ವಿವರವನ್ನು ಅದರಲ್ಲಿ ಬರೆದಿಡಬಹುದು. ಡಾಸಿಗೇ ಎಲ್ಲವೂ ಸೇರಲಿ ಎನ್ನದೆ, ಇತರರಿಗೂ ಎಡೆಯಿರಲಿ ಎಂದು ಇಟ್ಟ ಪಟ್ಟಿ ಇದು. ಕೊನೆಯಲ್ಲಿ ಎರಡು ಬೈಟಿನ ಒಂದು ಮುದ್ರೆ. ಉಳಿದ 446 ಬೈಟುಗಳು ಬಾಗಿಲು ಕಾಯುವ ಪ್ರೋಗ್ರಾಮಿಗೆ. ಮುಂದಿನ ಜಗಳವೆಲ್ಲ ಈ 446 ಬೈಟುಗಳದೇ.

ಈಗ ಫಿನ್ಲೆಂಡಿಗೆ ಹೋಗೋಣ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ಕೊಂಡನು. ಪ್ರೊಫೆಸರ್ ಟಾನೆನ್‌ಬಾಮ್ ಪಾಠಕ್ಕೆಂದು ಬರೆದಿದ್ದ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಅದರಲ್ಲಿ ಹೂಡಿ, ಅದರ ಆಸರೆಯಲ್ಲೇ ತನ್ನದೊಂದನ್ನು ಬರೆಯತೊಡಗಿದನು. ಆಗಸ್ಟ್ 25ರಂದು ಅದನ್ನು ಲೋಕಕ್ಕೆ ತಿಳಿಸಿದನು. ಅದೇ ಕಾಲದಲ್ಲಿ ಒಂದು ದಿನ ಮೋಡೆಮ್ಮಿಗೆ ಕಳಿಸಬೇಕಾದ ಟೆಲಿಫೋನ್ ಆಜ್ಞೆಗಳನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೇ ಕಳಿಸಿಬಿಟ್ಟನು. ಮಿನಿಕ್ಸಿನ ಪಾಲು ಕೆಟ್ಟುಹೋಯಿತು. ಮತ್ತೆ ಮಿನಿಕ್ಸ್ ಹಾಕುವುದೋ, ತನ್ನದನ್ನೇ ನಂಬುವುದೋ? ಆತ ಎರಡನೆಯದನ್ನು ಆರಿಸಿದನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬಿಡಾರಕ್ಕೆ ಬಂದ ಲಿನಕ್ಸ್ ಮನೆಯೊಡೆಯನಾದದ್ದು ಹೀಗೆ.

ಎಲ್ಲರಿಗೂ ಅಂಥ ಧೈರ್ಯವಿರುವುದಿಲ್ಲ. ಹಳೆಯದನ್ನು ಬಿಡದೆ ಹೊಸದನ್ನು ನೋಡಬಯಸುವವರಿಗಾಗಿ ವೆರ್ನರ್ ಆಲ್ಮೆಸ್‌ಬರ್ಗರ್ 1992ರಲ್ಲಿ ಲಿಲೋ ಎಂಬ ದ್ವಾರಪಾಲಕನನ್ನು ಬರೆದನು. ಕೆಲಸ ಒಂದೊಂದು ಹೆಜ್ಜೆ ಮುಂದುವರಿದಂತೆ ಅದು ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದು. ನಾಲ್ಕೂ ಬಂದರೆ ಕ್ಷೇಮ. ‘ಎಲ್, ಐ’ ಎಂದು ಎರಡಕ್ಕೇ ನಿಂತರೆ ಎದೆ ಧಸಕ್ಕೆನ್ನುವುದು. ಇದ್ದ ಪಾಲನ್ನು ಅಳಿಸದೆ ಕಿರಿದು ಮಾಡಲು ಫಿಪ್ಸ್ ಎಂಬ ಪ್ರೋಗ್ರಾಂ ಬಂತು. ಅದಕ್ಕೂ ಮುಂಚೆ ಕಡತಗಳನ್ನೆಲ್ಲ ಒಂದು ಬದಿಗೆ ಒತ್ತರಿಸಬೇಕು, ಕಣದಲ್ಲಿ ರಾಶಿಯನ್ನು ಮೂಲೆಗೆ ಸರಿಸಿದ ಹಾಗೆ. 1995ರ ವಿಂಡೋಸ್ 95ನ್ನಾದರೋ ಲಿನಕ್ಸ್ ಇದ್ದ ಯಂತ್ರಕ್ಕೆ ಹಾಕಿದರೆ, ಬಾಗಿಲಿನ ಬೈಟುಗಳ ಮೇಲೆ ತನ್ನದನ್ನೇ ಬರೆದುಕೊಳ್ಳುತ್ತಿತ್ತು. ಲಿನಕ್ಸ್ ಒಳಗೆ ಸುರಕ್ಷಿತವಾಗಿಯೇ ಇರುವುದು, ಹೋಗುವ ದಾರಿಯೇ ಇಲ್ಲ! ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಕ್ರಮ ಆಗಲೇ ರೂಢಿಗೆ ಬಂದದ್ದು.

ನಮ್ಮ ದೇಶದಲ್ಲಿ ಟೆಲಿಫೋನ್ ತಂತಿಯ ಮೇಲೆ ಇಷ್ಟನ್ನೆಲ್ಲ ಇಳಿಸಿಕೊಳ್ಳುವುದು ಆಗದ ಮಾತಾಗಿದ್ದ ದಿನಗಳು. 1990ರ ದಶಕದ ಉತ್ತರಾರ್ಧದಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆ ಲಿನಕ್ಸಿನ ಸಿ.ಡಿ.ಯನ್ನು ಸಂಚಿಕೆಯ ಜೊತೆಗೆ ಕೊಟ್ಟಾಗ ಎಷ್ಟೋ ಮನೆಗಳಲ್ಲಿ ಈ ಪ್ರಯೋಗ ನಡೆಯಿತು. ನಾನು ಮಾಡಿದ್ದು ಭಾವನವರ ಯಂತ್ರದ ಮೇಲೆ. ಯಾವುದೋ ಪ್ರಶ್ನೆಗೆ ಹೌದೆಂದೆ. ಅವರ ಎರಡು ವರ್ಷದ ಅಂಗಡಿ ಲೆಕ್ಕ ಹೋಯಿತು. “ರೋಕಡಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ ಬಿಡಯ್ಯಾ” ಎಂದರು. ಪುಣ್ಯಾತ್ಮರು ಕಂಪ್ಯೂಟರನ್ನು ಎಂದೂ ಪೂರ್ತಿ ನಂಬಿರಲಿಲ್ಲ.

ಬಾಗಿಲಿನ ಜಗಳ ಕೋರ್ಟನ್ನೂ ಹತ್ತಿತು. ಅಮೆರಿಕದ ಬಿ ಕಂಪನಿಯು ತನ್ನ ಬಿ.ಓ.ಎಸ್. ವ್ಯವಸ್ಥೆಯನ್ನು ವಿಂಡೋಸಿನ ಜೊತೆಗೆ ಇಡಿರೆಂದು ಯಂತ್ರ ತಯಾರಕರನ್ನು ಕೇಳಿಕೊಂಡಿತ್ತು. ಜಪಾನಿನ ಹಿಟಾಚಿ ಕೆಲವು ಯಂತ್ರಗಳಲ್ಲಿ ಇಟ್ಟಿತಾದರೂ, ಯಂತ್ರ ಹಚ್ಚಿದಾಗ ಅದರ ಹೆಸರು ಕಾಣಿಸುತ್ತಿರಲಿಲ್ಲ. ಮೈಕ್ರೋಸಾಫ್ಟಿನ ಕರಾರುಗಳೇ ಇದಕ್ಕೆ ಕಾರಣವೆಂದು ಬಿ 2002ರಲ್ಲಿ ದಾವೆ ಹೂಡಿತು. ತಪ್ಪೊಪ್ಪಿಗೆಯಿಲ್ಲದೆ 2003ರಲ್ಲಿ 2 ಕೋಟಿ 32 ಲಕ್ಷದ 50 ಸಾವಿರ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಬಿ ಕಂಪನಿಯೇ ಬಾಗಿಲು ಹಾಕಿತ್ತು.

2012ರಲ್ಲಿ ವಿಂಡೋಸ್ 8ರೊಡನೆ ಬಂದ ಯಂತ್ರಗಳ ಬಾಗಿಲಿಗೆ ‘ಸೆಕ್ಯೂರ್ ಬೂಟ್’ ಎಂಬ ಬೀಗ ಬಿತ್ತು. ನಂಬಿಕೆಯ ಸಹಿಯಿಲ್ಲದ ಪ್ರೋಗ್ರಾಮಿಗೆ ಪ್ರವೇಶವಿಲ್ಲ. ಲಿನಕ್ಸಿನವರು ಷಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನದೇ ಸಹಿ ಹಾಕಿಸಿಕೊಂಡು ಒಳಹೊಕ್ಕರು. ಬೇಡವೆಂದರೆ ಬೀಗವನ್ನೇ ತೆಗೆದಿಡಲು ಮನೆಯವರಿಗೆ ಅವಕಾಶವಿರಬೇಕೆಂದು ಆಗ ಇಂಟೆಲ್ ಜಾತಿಯ ಯಂತ್ರಗಳಿಗೆ ನಿಯಮವಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ತಯಾರಕರ ಇಚ್ಛೆಗೆ ಬಿಟ್ಟರು.